ತಮಟೆಯ ಕೂಲಿ ಎಷ್ಟು ಸ್ವಾಮಿ?

ಕಲೆಗೆ ಬೆಲೆ ಕಟ್ಟಬಾರದಂತೆ! ಈ ಮಾತನ್ನು ಉದ್ಘಾಟನಾ ಭಾಷಣಗಳಲ್ಲಿ ಕೇಳಿದ್ದೇನೆ, ಜಾನಪದ ವಿಚಾರ ಸಂಕಿರಣಗಳಲ್ಲಿ ಕೇಳಿದ್ದೇನೆ, ಪ್ರಶಸ್ತಿ ತೆಗೆದುಕೊಂಡು ಗದ್ಗದಿತರಾದವರ ಬಾಯಲ್ಲಿ ಕೇಳಿದ್ದೇನೆ, ಕಡೆಗೆ ನಮ್ಮವೇ ಸಂಘಟನೆಗಳ ಅಣ್ಣಂದಿರ ಬಾಯಲ್ಲೂ ಕೇಳಿದ್ದೇನೆ. ಹೀಗೆ ಹೇಳುವವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಮುಕ್ಕಾಲು ಪಾಲು ಜನಕ್ಕೆ ತಿಂಗಳ ಮೊದಲ ವಾರ ಬ್ಯಾಂಕಿಗೆ ಸಂಬಳ ಬೀಳುತ್ತದೆ. ಉಳಿದವರಿಗೆ ಅಪ್ಪ ಬಿಟ್ಟುಹೋದ ಅಡಿಕೆ ತೋಟವೋ ಬಾಡಿಗೆ ಮನೆಯೋ ಇರುತ್ತದೆ. ಒಬ್ಬ ತಮಟೆಯವನಾಗಲಿ, ತತ್ವಪದ ಹಾಡುವ ಮುದುಕನಾಗಲಿ, ಸೋಬಾನೆ ಹೇಳುವ ಅಜ್ಜಿಯಾಗಲಿ ಕಲೆಗೆ ಬೆಲೆ ಕಟ್ಟಬಾರದು ಅಂದದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅವರು ಕೇಳೋದು, "ಎಷ್ಟು ಕೊಡ್ತೀರ ಸ್ವಾಮಿ?" ಅಂತ. ಅದನ್ನೂ ನೆಟ್ಟಗೆ ನಿಂತು ಕೇಳುವುದಿಲ್ಲ. ತಲೆ ಕೆರೆದುಕೊಂಡು, ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು, ಏನೋ ಕದ್ದವರ ಹಾಗೆ ಕೇಳುತ್ತಾರೆ. ದುಡಿದ ದುಡ್ಡು ಕೇಳೋಕೆ ಈ ನಾಚಿಕೆ ಯಾಕೆ? ಇದನ್ನು ಅವರಿಗೆ ಕಲಿಸಿದವರು ಯಾರು?

ನಮ್ಮ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತಮಟೆ ಬಡಿಯೋದು ಯಾವತ್ತೂ ಕೆಲಸ ಅನ್ನಿಸಿಕೊಳ್ಳಲಿಲ್ಲ. ಅದು ಚಾಕರಿ. ಊರಿನ ಒಂದೊಂದು ಒಕ್ಕಲು ಮನೆಗೂ ಕೇರಿಯ ಒಂದೊಂದು ಮನೆ 'ಹಳೇಮಕ್ಕಳ' ಮನೆ. ಊರಲ್ಲಿ ಹೆಣ ಬಿದ್ದರೆ ತಮಟೆ, ಮಾರಿಹಬ್ಬಕ್ಕೆ ತಮಟೆ, ತೇರಿಗೆ ತಮಟೆ, ಕಂದಾಯ ಕಟ್ಟಿ ಅಂತ ಸಾರೋಕೆ ತಮಟೆ. ದೇವರಿಗೆ ತಮಟೆ ಬೇಕು, ತಮಟೆಯವನು ಗುಡಿಯ ಮೆಟ್ಟಿಲು ಹತ್ತಬಾರದು. ಇದಕ್ಕೆಲ್ಲ ಕೊಡುತ್ತಿದ್ದದ್ದೇನು? ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತವನಿಗೆ ಮೊರದಷ್ಟು ರಾಗಿ, ಒಂದು ಹೊರೆ ಹುಲ್ಲು. ಹೆಣದ ಮನೆಯಲ್ಲಿ ಸೆರೆ, ಹಿತ್ತಿಲ ಬಾಗಿಲಲ್ಲಿ ಎಲೆಯ ಮೇಲೆ ಎತ್ತಿ ಹಾಕಿದ ಅನ್ನ. ಇದರ ಹೆಸರು ಆಯ. ಕೂಲಿ ಅಂತ ಕರೆದಿದ್ದರೆ ಸಾಲದು ಎನ್ನಬಹುದಿತ್ತು, ಜಗಳ ಆಡಬಹುದಿತ್ತು, ಇವತ್ತು ಮೈ ಸರಿ ಇಲ್ಲ ಬರೋಲ್ಲ ಅಂತ ಕಂಬಳಿ ಹೊದ್ದು ಮಲಗಬಹುದಿತ್ತು. ಆಯ ಎಂದರೆ ಕೊಡುವವನ ಮರ್ಜಿ. ಅಳೆಯುವ ಮೊರವೂ ಅವನದೇ, ಕೈಯೂ ಅವನದೇ. ನಾಚಿಕೆಯ ಬೀಜ ಬಿದ್ದದ್ದು ಆ ಕಣದಲ್ಲಿ.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯ ಚಾಕರಿಯನ್ನು ತೆಗೆದುಹಾಕಲು ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. 1989ರ ದೌರ್ಜನ್ಯ ತಡೆ ಕಾಯ್ದೆಯು ಪರಿಶಿಷ್ಟರ ಕೈಲಿ ಬಲವಂತದಿಂದ ಬಿಟ್ಟಿ ಮಾಡಿಸುವುದನ್ನು ಅಪರಾಧಗಳ ಪಟ್ಟಿಯಲ್ಲೇ ಸೇರಿಸಿದೆ. ಇಷ್ಟೆಲ್ಲ ಆದ ಮೇಲೂ ತಮಟೆಯವನೊಬ್ಬ "ಬರೋಲ್ಲ" ಅಂದ ಮಾರನೇ ದಿನ ಊರಿನ ಅಂಗಡಿಯಲ್ಲಿ ಅವನಿಗೆ ಬೀಡಿ ಹುಟ್ಟುವುದಿಲ್ಲ, ಅವನ ಹೆಂಡತಿಗೆ ನಾಟಿ ಕೆಲಸ ಹುಟ್ಟುವುದಿಲ್ಲ, ಆಟೋದವನು ಹತ್ತಿಸಿಕೊಳ್ಳುವುದಿಲ್ಲ. ತಮಟೆ ಬಡಿಯಲು ಒಲ್ಲೆ ಅಂದದ್ದಕ್ಕೆ ಇಡೀ ಕೇರಿಗೆ ಬಹಿಷ್ಕಾರ ಹಾಕಿದ ಸುದ್ದಿಯನ್ನು ಈ ಪತ್ರಿಕೆ ಓದುವವರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ.

ಬಾಬಾಸಾಹೇಬರು ಇದರ ಬೇರನ್ನು 1928ರಲ್ಲೇ ಹಿಡಿದಿದ್ದರು. ಮಹಾಡದಲ್ಲಿ ಕೆರೆಯ ನೀರು ಮುಟ್ಟಿದ ಮರುವರ್ಷವೇ ಅವರು ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ವಿಚಾರವಾಗಿ ಮಸೂದೆ ತಂದರು. ಬೆಳಗಾವಿ, ಬಿಜಾಪುರ, ಧಾರವಾಡಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು, ಆದ್ದರಿಂದ ಇದು ಪರಸ್ಥಳದ ಮಾತೇನಲ್ಲ. ತುಂಡು ಇನಾಂ ಭೂಮಿಗೂ ಬಲುತೆಯ ಹಿಡಿ ಕಾಳಿಗೂ ಒಂದು ಇಡೀ ಜಾತಿಯನ್ನು ಹಗಲು ರಾತ್ರಿ ಊರ ಚಾಕರಿಗೆ ಕಟ್ಟಿಹಾಕಿದ್ದಾರೆ ಎನ್ನುವುದು ಅವರ ವಾದವಾಗಿತ್ತು. ಬೇಡ ಅನ್ನುವವರಿಗೆ ಚಾಕರಿಯಿಂದ ಬಿಡುಗಡೆ ಕೊಡಿ, ಬಲುತೆಯನ್ನು ಕಾಳಿನಿಂದ ನಗದಿಗೆ ತಿರುಗಿಸಿ ಎಂದು ಕೇಳಿದರು. ಮಸೂದೆ ಗೆಲ್ಲಲಿಲ್ಲ. ಗೆಲ್ಲದಿದ್ದರೂ ಅದರಲ್ಲಿದ್ದ ಎರಡು ಬೇಡಿಕೆಗಳನ್ನು ನಾವು ಮರೆಯಬಾರದಿತ್ತು: ಒಲ್ಲೆ ಎನ್ನುವ ಹಕ್ಕು, ಒಪ್ಪಿದರೆ ನಗದು. ಮೊದಲನೆಯದನ್ನು ನಮ್ಮ ಚಳವಳಿ ಹಿಡಿದುಕೊಂಡಿತು. ಎರಡನೆಯದನ್ನು ದಾರಿಯಲ್ಲಿ ಎಲ್ಲೋ ಬಿಟ್ಟುಬಿಟ್ಟಿತು.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಅಪ್ಪ ಹರೆಯದಲ್ಲಿದ್ದಾಗ ಸಂಘದ ಅಣ್ಣಂದಿರು ಕೇರಿಗೆ ಬಂದು, ಇನ್ನು ಮೇಲೆ ಮೇಲುಜಾತಿಯವರ ಹೆಣದ ಮುಂದೆ ತಮಟೆ ಬಡೀಬೇಡ್ರಪ್ಪ, ಅದು ನಮ್ಮ ಕೊರಳಿನ ಸರಪಳಿ ಅಂದರು. ನಮ್ಮ ದೊಡ್ಡಪ್ಪ ಅವತ್ತೇ ರಾತ್ರಿ ತನ್ನ ತಮಟೆಯ ಚರ್ಮ ಹರಿದು ಬಳೆಯನ್ನು ಒಲೆಗೆ ಹಾಕಿದನಂತೆ. ಅಪ್ಪ ಹಾಕಲಿಲ್ಲ. ಹೆಣದ ಮುಂದೆ ಬಡಿಯೋದು ಬಿಟ್ಟು ಜಾಥಾಗಳ ಮುಂದೆ ಬಡಿಯತೊಡಗಿದ. ಅಣ್ಣತಮ್ಮಂದಿರಿಬ್ಬರೂ ಈ ವಿಚಾರಕ್ಕೆ ಸಾಯೋತನಕ ಜಗಳ ಆಡಿದರು. ದೊಡ್ಡಪ್ಪ ಹೇಳುತ್ತಿದ್ದ, "ಚರ್ಮ ಮುಟ್ಟಿದ್ ಕೈಗೆ ಊರು ಯಾವತ್ತೂ ಮರ್ಯಾದಿ ಕೊಡಲ್ಲ ಕಣ್ಲಾ." ಅಪ್ಪ ಹೇಳುತ್ತಿದ್ದ, "ಚರ್ಮ ಏನ್ ತಪ್ಪು ಮಾಡ್ತಣ್ಣೋ, ಕೈಯೇನ್ ತಪ್ಪು ಮಾಡ್ತು?" ಇಬ್ಬರದೂ ಸರಿ ಎಂದೇ ನನಗೆ ಅನ್ನಿಸುತ್ತದೆ. ತಮಟೆಯನ್ನು ಜೀತದ ಗುರುತಾಗಿ ಮಾಡಿದ್ದು ಅದರ ಚರ್ಮವಲ್ಲ. ಬರೋಲ್ಲ ಅನ್ನೋಕೆ ಬಾಯಿಲ್ಲದಿದ್ದದ್ದು, ಬಂದರೆ ಇಷ್ಟು ಅನ್ನೋಕೆ ಲೆಕ್ಕ ಇಲ್ಲದಿದ್ದದ್ದು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಹೊಡೆದು ಮೆರವಣಿಗೆ ಮಾಡಿದಾಗ, ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿಯ ಮುಂದೆ ಸುರಿದರು. ಒಲ್ಲೆವು, ನೀವೇ ಎತ್ತಿಕೊಳ್ಳಿ ಅಂದರು. ಒಂದೇ ವಾರದಲ್ಲಿ ಇಡೀ ದೇಶಕ್ಕೆ ಆ ಕೆಲಸದ ಬೆಲೆ ಮೂಗಿಗೆ ಬಡಿಯಿತು.

ಈಗ ವೇದಿಕೆಗೆ ಬನ್ನಿ. ಕಣದ ಜಾಗಕ್ಕೆ ವೇದಿಕೆ ಬಂದಿದೆ, ಮೊರದ ಜಾಗಕ್ಕೆ ಶಾಲು ಬಂದಿದೆ.

ಯಾವುದೇ ಕಾರ್ಯಕ್ರಮದ ಖರ್ಚಿನ ಪಟ್ಟಿ ತೆಗೆದು ನೋಡಿ. ಶಾಮಿಯಾನದವನಿಗೆ ಮುಂಗಡ. ಮೈಕ್‌ಸೆಟ್‌ನವನಿಗೆ ಮುಂಗಡ. ಫ್ಲೆಕ್ಸ್‌ನವನು ದುಡ್ಡು ಕೈಗೆ ಬೀಳದೆ ಫ್ಲೆಕ್ಸ್ ಬಿಚ್ಚಿ ತೋರಿಸುವುದಿಲ್ಲ. ಅಡುಗೆಯವನು, ವಿಡಿಯೋದವನು, ಜನರೇಟರಿನವನು, ಹಾರ ಕಟ್ಟುವವನು, ಎಲ್ಲರಿಗೂ ರೇಟು ಇದೆ. ಯಾರೂ ಅವರಿಗೆ ಹೋಗಿ "ಇದು ಸಮಾಜಸೇವೆ ಕಣ್ರಪ್ಪ, ನಿಮ್ಮ ಶಾಮಿಯಾನದ ಕಲೆಗೆ ನಾವು ಬೆಲೆ ಕಟ್ಟೋಕಾಗುತ್ತಾ?" ಅನ್ನುವುದಿಲ್ಲ. ಅಂದು ನೋಡಲಿ, ಕಂಬ ಕಿತ್ತುಕೊಂಡು ಹೋಗುತ್ತಾನೆ. ತಮಟೆಯವರ ಸರದಿ ಬಂದಾಗ ಮಾತ್ರ, "ಕಾರ್ಯಕ್ರಮ ಮುಗೀಲಿ, ಉಳಿದದ್ರಲ್ಲಿ ನೋಡಾಣ." ಬೆಳಗ್ಗೆ ಹತ್ತಕ್ಕೆ ಅಂತ ಕರೆಸುತ್ತಾರೆ. ಮಂತ್ರಿ ಬರೋದು ಮಧ್ಯಾಹ್ನ ಎರಡಕ್ಕೆ. ಅಲ್ಲಿವರೆಗೂ ಬಿಸಿಲಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸಿಕೊಂಡು, ಕಾರು ಬಂತು ಅಂದಾಗಲೆಲ್ಲ ಬಡಿದು, ಬೇರೆ ಯಾರದೋ ಕಾರು ಅಂತ ನಿಲ್ಲಿಸಿ, ಮತ್ತೆ ಕಾಯಿಸಿ. ಸಂಜೆಗೆ ಒಬ್ಬನಿಗೆ ಮಾತ್ರ ಶಾಲು, ಹಣ್ಣಿನ ಬುಟ್ಟಿ, ಒಂದು ಫೋಟೋ.

ನಮ್ಮ ಮನೆಯಲ್ಲಿ ಹನ್ನೊಂದು ಶಾಲುಗಳಿವೆ. ಒಂದನ್ನು ಅವ್ವ ರಾಗಿ ಮೂಟೆಯ ಮೇಲೆ ಹೊದಿಸಿದ್ದಾಳೆ, ಇನ್ನೊಂದು ಟಿವಿಯ ಮೇಲಿದೆ. ಆ ಶಾಲುಗಳಲ್ಲಿ ಚಳಿಯೂ ನಿಲ್ಲುವುದಿಲ್ಲ, ಅಷ್ಟು ತೆಳು. ಮೈಸೂರು ಪೇಟ ಮೂರಿವೆ, ಸ್ಮರಣಿಕೆಗಳ ಲೆಕ್ಕ ಇಟ್ಟಿಲ್ಲ. ಒಂದು ಸಲ ಅವ್ವ ಕಿರಾಣಿ ಅಂಗಡಿಯವನಿಗೆ, "ಈ ಮರದ್ ಫಲಕ ಮಡಿಕ್ಕೊಂಡು ಎರಡ್ ಕೆಜಿ ಬೇಳೆ ಕೊಡಪ್ಪ" ಅಂದಿದ್ದಳು. ತಮಾಷೆಗೆ ಅಂದದ್ದು. ಅಂಗಡಿಯವನು ನಕ್ಕ. ಅಪ್ಪ ನಗಲಿಲ್ಲ.

ತಂಡದ ಲೆಕ್ಕವನ್ನೂ ಹಾಕಿಬಿಡೋಣ, ನಮ್ಮಲ್ಲಿ ಲೆಕ್ಕ ಹಾಕುವ ಅಭ್ಯಾಸ ಕಡಿಮೆ. ಹನ್ನೆರಡು ಜನರ ತಂಡ. ಪಟ್ಟಣದ ಉತ್ಸವಕ್ಕೆ ಹನ್ನೆರಡು ಸಾವಿರಕ್ಕೆ ಒಪ್ಪಂದ ಅಂತಿಟ್ಟುಕೊಳ್ಳಿ. ಟೆಂಪೋ ಬಾಡಿಗೆ ನಾಲ್ಕು ಸಾವಿರ. ಕೊಡಿಸಿದ ಮಧ್ಯವರ್ತಿಗೆ ಎರಡು ಸಾವಿರ. ಉಳಿದದ್ದು ಆರು ಸಾವಿರ, ತಲೆಗೆ ಐನೂರು. ಹೋಗಿ ಬರೋಕೆ ಎರಡು ದಿನ, ಅಂದರೆ ದಿನಕ್ಕೆ ಇನ್ನೂರೈವತ್ತು. 2025-26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯನ್ನು 370 ರೂಪಾಯಿ ಎಂದು ಗೊತ್ತುಮಾಡಿದ್ದರು. ಅದೇ ಕೈ ಗುದ್ದಲಿ ಹಿಡಿದು ಕೆರೆಯ ಹೂಳು ತೆಗೆದರೆ ಅದಕ್ಕೊಂದು ಅಚ್ಚಾದ ದರ ಇತ್ತು. ಗುಣಿ ತೋಡಿದವನು ದರ ಕೇಳಿದರೆ ಯಾರೂ ಅವನನ್ನು ದುರಾಸೆಯವನು ಅನ್ನಲಿಲ್ಲ. ತಲೆಮಾರುಗಳಿಂದ ಮೈಗಿಳಿದ ಲಯವನ್ನು ಬಡಿದು ತೋರಿಸುವ ಕೆಲಸಕ್ಕೆ ಅದರಷ್ಟೂ ಇಲ್ಲ, ಕೇಳಿದರೆ ಕಲೆ ಮಾರಿಕೊಳ್ಳುವವನು!

ಸರ್ಕಾರದ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅವರ ಗುಣ ನಿಮಗೆ ಗೊತ್ತೇ ಇದೆ. ಉತ್ಸವ ಮುಗಿದು ತಿಂಗಳುಗಟ್ಟಲೆ ಆದ ಮೇಲೆ ಖಾತೆಗೆ ಬೀಳುವ ಸಂಭಾವನೆ. ವಯಸ್ಸಾದ ಕಲಾವಿದರಿಗೆ ಔಷಧಿಗೂ ಸಾಲದ ಮಾಸಾಶನ. ಅದಕ್ಕೂ ಮುಂಚೆ ವಯಸ್ಸಿನ ದಾಖಲೆ ತಾ, ಆದಾಯ ಪತ್ರ ತಾ, ಕಲಾಸೇವೆ ಮಾಡಿದ್ದಕ್ಕೆ ಪುರಾವೆ ತಾ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೇ ಅಲೆಯಲ್ಲಿ ಎಲ್ಲ ಜಾತ್ರೆ ಮದುವೆಗಳೂ ನಿಂತುಹೋಗಿದ್ದಾಗ, ಕಲಾವಿದರಿಗೆ ಒಂದೇ ಸಲಕ್ಕೆಂದು 3,000 ರೂಪಾಯಿ ಘೋಷಿಸಿದರು. ಹೌದು, ಪದ್ಮಶ್ರೀಗಳೂ ಬಂದಿವೆ. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ, 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ. ನಮ್ಮ ಕೇರಿಯಲ್ಲಿ ಅವತ್ತು ಸಿಹಿ ಹಂಚಿದ್ದು ನಿಜ, ಹಂಚಬೇಕಾದ್ದೇ. ಆದರೆ ಪದ್ಮ ಪ್ರಶಸ್ತಿಗಳ ಜೊತೆ ನಗದು ಇರುವುದಿಲ್ಲ ಎಂದು ಎಷ್ಟು ಜನಕ್ಕೆ ಗೊತ್ತು? ಪದಕ ಮತ್ತು ಸನ್ನದು, ಅಷ್ಟೆ. ಟಾಟಾ ಬಿರ್ಲಾಗಳಿಗೆ ಅದು ಸಾಕು.

ಇನ್ನು ವಿದ್ವಾಂಸರು. ಜಾನಪದದ ಮೇಲೆ ಪಿಎಚ್.ಡಿ. ಮಾಡಿದವರ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ತೆಗೆದು ಕೊನೆಯ ಪುಟಗಳನ್ನು ನೋಡಿ. 'ವಕ್ತೃಗಳ ವಿವರ' ಅಂತ ಅನುಬಂಧ ಇರುತ್ತದೆ. ಹೆಸರು, ವಯಸ್ಸು, ಜಾತಿ, ಊರು, ಅನಕ್ಷರಸ್ಥ. ರಾತ್ರಿಯೆಲ್ಲ ಕೂತು ಮಾದಪ್ಪನ ಕತೆಯನ್ನೋ ಮಂಟೇಸ್ವಾಮಿ ಕಾವ್ಯವನ್ನೋ ಬಾಯಿಂದ ಹೇಳಿದ ಮನುಷ್ಯ ಅಲ್ಲಿ ವಕ್ತೃ. ಅದನ್ನು ಟೇಪಿಗೆ ಹಿಡಿದವನು ಸಂಪಾದಕ, ಡಾಕ್ಟರು, ಆಮೇಲೆ ಪ್ರೊಫೆಸರು. ಆ ಸಂಗ್ರಹಗಳು ಕನ್ನಡಕ್ಕೆ ದೊಡ್ಡ ಆಸ್ತಿ, ಇಲ್ಲ ಅನ್ನುವುದಿಲ್ಲ. ಆ ಆಸ್ತಿಯ ಪತ್ರದಲ್ಲಿ ಹಾಡಿದವನ ಹೆಸರು ಸಾಕ್ಷಿದಾರರ ಜಾಗದಲ್ಲಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಶಾಸ್ತ್ರೀಯ ಸಂಗೀತದವರ ಕತೆ ಬೇರೆ ಅಂದುಕೊಳ್ಳಬೇಡಿ. ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದರು, ಮೃದಂಗ ಮಾಡುವ ಕುಟುಂಬಗಳ ಬಗ್ಗೆ. ಮೃದಂಗಕ್ಕೆ ಬೇಕಾದದ್ದು ದನ, ಎಮ್ಮೆ, ಆಡಿನ ಚರ್ಮ. ಚರ್ಮ ಆರಿಸಿ, ಹದ ಮಾಡಿ, ನಾದ ಕೂಡಿಸುವವರಲ್ಲಿ ಬಹಳ ಜನ ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎಂಬ ಕುಶಲಿಯ ಕೈ ಇತ್ತು. ನುಡಿಸಿದವರು ವಿದ್ವಾನ್, ಮಾಡಿದವರು ರಿಪೇರಿಯವರು. ಆ ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸ್ ಪಡೆಯಿತು. ನಾದ ಬೇಕು, ಚರ್ಮದ ಮಾತು ಬೇಡ.

ಬೇರೆಯವರನ್ನು ಬೈದದ್ದು ಇಷ್ಟು ಸಾಕು. ಈಗ ನಮ್ಮವರ ಮಾತು. ನಾನು ಈ ಬರಹ ಬರೆಯೋಕೆ ಕೂತದ್ದೇ ಇದಕ್ಕೆ.

ಕಳೆದ ವರ್ಷ ಒಂದು ತಾಲ್ಲೂಕಿನಲ್ಲಿ ಅಂಬೇಡ್ಕರ್ ಜಯಂತಿಯ ಖರ್ಚಿನ ಪಟ್ಟಿ ನನ್ನ ಕೈಗೆ ಬಂತು. ಊರು ಹೇಳುವುದಿಲ್ಲ, ಯಾವ ಊರಾದರೂ ಆಗಬಹುದಿತ್ತು. ಡಿಜೆಗೆ ಒಂದು ಮೊತ್ತ, ಪಟಾಕಿಗೆ ಒಂದು ಮೊತ್ತ, ಬ್ಯಾನರಿಗೆ, ಊಟಕ್ಕೆ, ಅತಿಥಿಗಳ ಕಾರಿನ ಡೀಸೆಲ್ಲಿಗೆ. ಕೊನೆಯಲ್ಲಿ 'ತಮಟೆ ತಂಡ' ಅಂತ ಬರೆದು, ಮೊತ್ತದ ಜಾಗದಲ್ಲಿ 'ನಮ್ಮೋರೇ' ಅಂತ ಬರೆದಿದ್ದರು. ಡಿಜೆಯವನು ನಮ್ಮೋನಲ್ಲ, ಅದಕ್ಕೆ ದುಡ್ಡು. ತಮಟೆಯವರು ನಮ್ಮೋರು, ಅದಕ್ಕೆ ಬಿಟ್ಟಿ! ಊರಿನ ಗೌಡನೂ ಹೀಗೇ ಅಲ್ಲವೇ ಹೇಳುತ್ತಿದ್ದದ್ದು, "ನೀವು ನಮ್ಮ ಹಳೇಮಕ್ಕಳು ಕಣ್ರಲಾ, ನಿಮಗೂ ನಮಗೂ ಏನು ಲೆಕ್ಕ?"

ಹೋರಾಟದ ಹಾಡು ಹಾಡುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಮುಂಚೆ ಕಡೇಪಕ್ಷ ಬಸ್ ಚಾರ್ಜು ಅಂತ ಒಂದಿಷ್ಟು ಕೊಡುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಒಳ್ಳೆಯದೇ ಆಯಿತು. "ಅಕ್ಕಾ, ಈಗ ನಿಮಗೆ ಬಸ್ಸು ಫ್ರೀ ಅಲ್ವಾ" ಅಂತ ಅದನ್ನೂ ನಿಲ್ಲಿಸಿದ ಸಂಘಟಕರನ್ನು ನಾನೇ ಕಂಡಿದ್ದೇನೆ. ಸರ್ಕಾರ ಹೆಣ್ಣಿಗೆ ಕೊಟ್ಟದ್ದನ್ನು ಕ್ರಾಂತಿಕಾರಿಗಳು ಉಳಿತಾಯ ಮಾಡಿಕೊಂಡರು. ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಗಾರ್ಮೆಂಟ್ಸಿಗೆ ರಜೆ ಹಾಕಿ ಒಂದು ದಿನದ ಸಂಬಳ ಕಳೆದುಕೊಂಡು ಬಂದು ಹಾಡುವವಳಿಗೆ ಅವಳ ಗಂಟಲೂ ಫ್ರೀ ಎನ್ನುವುದು ಯಾವ ಸಿದ್ಧಾಂತ?

ಕವಿಗಳ ಪಾಡು ಇದಕ್ಕಿಂತ ಸ್ವಲ್ಪ ಮೇಲು, ಯಾಕೆಂದರೆ ನಮಗೆ ಕುರ್ಚಿ ಕೊಡುತ್ತಾರೆ. ಪುಸ್ತಕದ ಲೆಕ್ಕ ನೋಡಿ. ನೂರು ರೂಪಾಯಿಯ ಕವನ ಸಂಕಲನ, ಐನೂರು ಪ್ರತಿ, ಶೇಕಡಾ 10 ಗೌರವಧನ. ಒಂದು ಪ್ರತಿಯೂ ಉಳಿಯದೆ ಮಾರಾಟವಾದರೆ ಐದು ಸಾವಿರ. ಮೊದಲ ಸಂಕಲನದ ಕವಿಗೆ ಇದೂ ಸಿಗುವುದಿಲ್ಲ. ಅವನೇ ಅಚ್ಚಿನ ಖರ್ಚು ಕೊಟ್ಟು, ಪ್ರತಿಗಳನ್ನು ಚೀಲದಲ್ಲಿ ಹೊತ್ತು ಗೆಳೆಯರಿಗೆ ಹಂಚುತ್ತಾನೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೂ ಹಣ ಬರೋಕೆ ವರ್ಷಗಳು ಹಿಡಿಯುತ್ತವೆ.

ಹಾಗಾದರೆ ನಮ್ಮ ಹಿರಿಯರು ಹೇಗೆ ಬದುಕಿದರು? ಈ ಪ್ರಶ್ನೆಯನ್ನು ಗೌರವದಿಂದಲೇ ಕೇಳುತ್ತೇನೆ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿಗೆ ಜಾಗ ಇಲ್ಲ ಎಂದದ್ದಕ್ಕೆ ಉತ್ತರವಾಗಿ ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಆ ತಲೆಮಾರು ಹಸಿವಿನಿಂದ ಬಂದದ್ದು ಸತ್ಯ. ಅದರ ಬಹುಪಾಲು ಬರಹಗಾರರು ಮುಂದೆ ಕಾಲೇಜು, ವಿಶ್ವವಿದ್ಯಾಲಯ, ಬ್ಯಾಂಕು, ಸರ್ಕಾರಿ ಕಚೇರಿಗಳ ಕಾಯಂ ನೌಕರಿಗೆ ಸೇರಿದ್ದೂ ಅಷ್ಟೇ ಸತ್ಯ. ಸಿದ್ಧಲಿಂಗಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅದು ಮೀಸಲಾತಿ ಕೊಟ್ಟ ಹಕ್ಕು, ಕಷ್ಟಪಟ್ಟು ಓದಿ ಗಳಿಸಿದ ಅನ್ನ. ನಾನು ಹೇಳುವುದು ಇಷ್ಟೆ: ಆಗ ಕವಿತೆಗೆ ದುಡ್ಡು ಬರದಿದ್ದರೂ ಕವಿಯ ಒಲೆ ಉರಿಯುತ್ತಿತ್ತು. ಸಣ್ಣ ಪತ್ರಿಕೆಗಳ ಕಾಗದ, ಅಂಚೆ, ಸಭೆಯ ಪ್ರಯಾಣ ಎಲ್ಲವೂ ಆ ಸಂಬಳದಿಂದ ಬಂತು. ಬೆಲೆ ಕಟ್ಟಬಾರದು ಎನ್ನುವ ಮಾತು ಆಗ ನಿಭಾಯಿಸಿತು.

ಈಗ ಆ ಸಂಬಳ ಎಲ್ಲಿದೆ? ನನ್ನ ಓರಗೆಯವರು, ಮನೆಗೆ ಮೊದಲ ಪದವೀಧರರು, ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು. ಎಂಥ ಅತಿಥಿಗಳು ನೋಡಿ, ವರ್ಷದಲ್ಲಿ ರಜೆ ಬಂದಾಗ ಮನೆಗೆ ಕಳಿಸುತ್ತಾರೆ, ಸಂಬಳ ನಿಲ್ಲುತ್ತದೆ. 2023ರ ನವೆಂಬರಿನಿಂದ ಕಾಯಮಾತಿ ಕೇಳಿ ವಾರಗಟ್ಟಲೆ ತರಗತಿ ಬಿಟ್ಟು ಧರಣಿ ಕೂತರು, ಕಾಯಂ ಆಗಲಿಲ್ಲ. ಅತಿಥಿಯೂ ಆಗದವರು ಬೆಂಗಳೂರಿನಲ್ಲಿ ಬೆನ್ನಿಗೆ ಊಟದ ಡಬ್ಬದ ಚೀಲ ಕಟ್ಟಿಕೊಂಡು ಬೈಕ್ ಓಡಿಸುತ್ತಾರೆ. ನಾನೂ ಓಡಿಸಿದ್ದೇನೆ. ಮರಾಠಿಯ ನಾಮದೇವ ಧಸಾಳ್ ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸಿದವರು, ಆದ್ದರಿಂದ ಇದರಲ್ಲಿ ಅವಮಾನವೇನಿಲ್ಲ. ಅಂಥ ಕೆಲಸದವರಿಗೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾನೂನಾದರೂ ಬಂತು, ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಅಂತ. ಡಬ್ಬ ಮುಟ್ಟಿಸಿದ್ದಕ್ಕೆ ಒಂದೊಂದು ರೂಪಾಯಿಯೂ ಮೊಬೈಲಿನಲ್ಲಿ ಲೆಕ್ಕ ಬರುತ್ತಿತ್ತು. ಅದೇ ಭಾನುವಾರ ನೂರಿಪ್ಪತ್ತು ಕಿಲೋಮೀಟರು ಹೋಗಿ ಕವಿಗೋಷ್ಠಿಯಲ್ಲಿ ಓದಿದ್ದಕ್ಕೆ ಒಂದು ಪ್ರಮಾಣಪತ್ರ, ಅದರಲ್ಲೂ ನನ್ನ ಹೆಸರಿನ ಒತ್ತಕ್ಷರ ತಪ್ಪು.

ಅಣ್ಣಾಭಾವು ಸಾಠೆಯವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಕೇಳಿರಬೇಕು. ನಮ್ಮ ಮಾದಿಗರ ಹಾಗೆ ಹಲಗಿ ಬಾರಿಸುವ ಮಾಂಗ್ ಜಾತಿಯಲ್ಲಿ 1920ರಲ್ಲಿ ಹುಟ್ಟಿದವರು. 1944ರಲ್ಲಿ ಗೆಳೆಯರ ಜೊತೆ ಲಾಲ್ ಬಾವಟಾ ಕಲಾಪಥಕ ಕಟ್ಟಿ ಗಿರಣಿ ಕಾರ್ಮಿಕರ ನಡುವೆ ಹಾಡಿದರು. 1959ರಲ್ಲಿ 'ಫಕೀರಾ' ಕಾದಂಬರಿ ಬರೆದರು, ರಾಜ್ಯ ಪ್ರಶಸ್ತಿ ಬಂತು, ಹಲವು ಭಾಷೆಗೆ ಹೋಯಿತು. ರಷ್ಯಾ ನೋಡಿಬಂದರು. ಬಹಳ ವರ್ಷ ಘಾಟ್ಕೋಪರಿನ ಕೊಳೆಗೇರಿಯಲ್ಲಿದ್ದು, 1969ರಲ್ಲಿ ಬಡತನದಲ್ಲೇ ಸತ್ತರು, ನಲವತ್ತೊಂಬತ್ತೂ ತುಂಬಿರಲಿಲ್ಲ. 2002ರಲ್ಲಿ ಅವರ ಹೆಸರಿನ ಅಂಚೆಚೀಟಿ ಬಂತು. 2022ರಲ್ಲಿ ಮಾಸ್ಕೋದಲ್ಲಿ ಅವರ ಪ್ರತಿಮೆ ನಿಂತಿತು. ಅವರ ಹಾಡು ಹಾಡಿಕೊಂಡು ಚುನಾವಣೆ ಗೆದ್ದವರೆಷ್ಟೋ, ಅವರ ಕತೆಗಳಿಂದ ಸಿನಿಮಾ ಮಾಡಿದವರೆಷ್ಟೋ. ಪ್ರತಿಮೆಗೆ ಖರ್ಚಾದ ಕಂಚಿನ ದುಡ್ಡಿನಲ್ಲಿ ಒಬ್ಬ ಜೀವಂತ ಶಾಹಿರ ಎಷ್ಟು ವರ್ಷ ಊಟ ಮಾಡುತ್ತಿದ್ದನೋ ಯಾರಾದರೂ ಲೆಕ್ಕ ಹಾಕಲಿ.

"ದುಡ್ಡು ಮುಟ್ಟಿದರೆ ಹೋರಾಟ ಮಾರಿಕೊಂಡಂತೆ" ಎಂಬ ಆಕ್ಷೇಪ ಬಂದೇ ಬರುತ್ತದೆ. ಈಗಲೇ ಕೇಳಿಸುತ್ತಿದೆ. ನನ್ನ ಪ್ರಶ್ನೆ ಸರಳ. ಪೂರ್ಣಾವಧಿ ಕಾರ್ಯಕರ್ತನಿಗೆ ಸಂಘಟನೆ ಖರ್ಚಿಗೆ ಕೊಟ್ಟರೆ ಅವನು ಹೋರಾಟ ಮಾರಿಕೊಂಡನೇ? ಕರಪತ್ರ ಅಚ್ಚು ಮಾಡಿದ ಪ್ರೆಸ್ಸಿನವನು? ವಕೀಲ? ದುಡ್ಡು ಯಾರದು, ಯಾವ ಷರತ್ತಿನ ಮೇಲೆ ಬಂತು ಎಂದು ನೋಡಬೇಕಾದದ್ದು ಖಂಡಿತ. ಗಣಿ ಧಣಿಯ ಪ್ರಾಯೋಜಕತ್ವ ಬೇರೆ, ನೂರು ಜನ ಕೂಲಿಯವರು ಹತ್ತು ಹತ್ತು ರೂಪಾಯಿ ಹಾಕಿ ಕರೆಸಿದ ಸಭೆ ಬೇರೆ. ಸಂಘಟನೆಯ ಹತ್ತಿರ ನಿಜವಾಗಿ ಇಲ್ಲವೆಂದರೆ ಮೊದಲೇ ಹೇಳಲಿ: ಇಲ್ಲ ಕಣಪ್ಪ, ಯಾರಿಗೂ ಇಲ್ಲ, ಮುಖ್ಯ ಅತಿಥಿಯೂ ಬಸ್ಸಿನಲ್ಲೇ ಬರುತ್ತಾರೆ, ಚಿತ್ರಾನ್ನ ತಿಂದು ಹೋಗೋಣ ಬಾ. ಇಂಥ ಕಡೆಗೆ ತಮಟೆಯವರು ನಡೆದುಕೊಂಡಾದರೂ ಬರುತ್ತಾರೆ. ಅಪ್ಪ ಹಾಗೆ ಹೋದ ಜಾಥಾಗಳ ಲೆಕ್ಕವಿಲ್ಲ. ಈ ಪತ್ರಿಕೆಯೂ ನನಗೆ ಸಂಭಾವನೆ ಕೊಡುವುದಿಲ್ಲ, ಸಂಪಾದಕರು ಕೈಯಿಂದ ಹಾಕಿ ಕಾಗದ ಕೊಳ್ಳುತ್ತಾರೆಂದು ಗೊತ್ತು, ಅದಕ್ಕೇ ನಾನು ಕೇಳಿಲ್ಲ. ಗೊತ್ತಿದ್ದು ಕೊಟ್ಟದ್ದು ವಂತಿಗೆ. ಕೇಳದೆ ಕಿತ್ತುಕೊಂಡದ್ದು ಬಿಟ್ಟಿ.

2024ರಲ್ಲಿ ನಮ್ಮ ಶಾಸನಸಭೆ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ಕಾರ್ಯಕರ್ತರ ಕಲ್ಯಾಣಕ್ಕೆಂದು ಒಂದು ಮಸೂದೆ ಪಾಸು ಮಾಡಿತು. ಸಿನಿಮಾ ಟಿಕೆಟ್ಟಿನ ಮೇಲೆ, ಮೊಬೈಲಿನಲ್ಲಿ ಸಿನಿಮಾ ತೋರಿಸುವ ಕಂಪನಿಗಳ ಚಂದಾದ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕಿ ನಿಧಿ ಮಾಡುವುದು ಅದರ ಉದ್ದೇಶ. ಗೆಳೆಯರೇ, ಇದನ್ನು ಸಿನಿಮಾದವರ ವಿಷಯ ಅಂತ ಬಿಟ್ಟುಕೊಡಬೇಡಿ. ಹೆಸರಿನಲ್ಲೇ ಸಾಂಸ್ಕೃತಿಕ ಅಂತ ಇದೆ. ನೋಂದಣಿ ಅಂತ ಬಂದಾಗ ಗಾಂಧಿನಗರದವರು ಕಾಗದ ಸಮೇತ ಮುಂದೆ ನಿಂತಿರುತ್ತಾರೆ. ಮೂವತ್ತು ವರ್ಷ ತಮಟೆ ಬಡಿದವನ ಹತ್ತಿರ ಬಡಿದದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಮಾಸಾಶನಕ್ಕೂ ಇದೇ ಗೋಳು. ಅವನು ಕಲಾವಿದ ಎನ್ನುವುದಕ್ಕೆ ಸಾಕ್ಷಿ ಏನು ಅಂತ ಗುಮಾಸ್ತ ಕೇಳಿದರೆ ಅವನು ಅಂಗೈ ತೋರಿಸಬೇಕು, ಕಡ್ಡಿ ಹಿಡಿದು ಜಡ್ಡುಗಟ್ಟಿದ ಅಂಗೈ.

ಇಲ್ಲಿ ಹಳ್ಳಿಯ ಮೇಷ್ಟ್ರುಗಳ ಸಹಾಯ ಬೇಕು. ಆಗಸ್ಟ್ 15ರ ಪ್ರಭಾತಫೇರಿಗೆ, ನವೆಂಬರ್ ಒಂದಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ನೀವು ಕೇರಿಯಿಂದ ತಮಟೆಯವರನ್ನು ಕರೆಸುತ್ತೀರಿ. ಶಾಲೆಯಲ್ಲಿ ದುಡ್ಡಿಲ್ಲ, ನಿಮ್ಮ ಕಷ್ಟ ಗೊತ್ತು, ಕೊಡುವುದು ಇನ್ನೂರೇ ಆಗಲಿ. ಆದರೆ ಶಾಲೆಯ ಕಾಗದದ ಮೇಲೆ ಇಂಥ ದಿನ, ಇಂಥ ಕಾರ್ಯಕ್ರಮಕ್ಕೆ, ಇಂಥವರು ತಮಟೆ ನುಡಿಸಿದರು, ಇಷ್ಟು ಕೊಟ್ಟಿದ್ದೇವೆ ಎಂದು ಎರಡು ಸಾಲು ಬರೆದು ಸೀಲು ಒತ್ತಿ ಕೊಡಿ. ನುಡಿಸಿದರು ಅಂತಲೇ ಬರೆಯಿರಿ. ಹತ್ತು ವರ್ಷದಲ್ಲಿ ಅವನ ತಗಡಿನ ಪೆಟ್ಟಿಗೆಯಲ್ಲಿ ಮೂವತ್ತು ಚೀಟಿ ಕೂಡುತ್ತವೆ. ವಿದ್ಯಾರ್ಥಿ ಗೆಳೆಯರು ರಜೆಗೆ ಊರಿಗೆ ಹೋದಾಗ ತಮ್ಮ ಕೇರಿಯ ತಮಟೆಯವರು, ಹಾಡುವವರು, ವೇಷದವರ ಹೆಸರು, ವಯಸ್ಸು, ಎಲ್ಲೆಲ್ಲಿ ಯಾವಾಗ ನುಡಿಸಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅರ್ಜಿ ತುಂಬಿಕೊಡಲಿ. ಸೈಬರ್ ಸೆಂಟರಿನವನು ಅದಕ್ಕೂ ನೂರು ಕೇಳುತ್ತಾನೆ, ಅವನಿಗೂ ರೇಟಿದೆ.

ಸಂಘಟನೆಗಳ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. ಆಹ್ವಾನ ಹೇಳುವಾಗಲೇ ಮೊತ್ತ ಹೇಳಿ, ಆಮೇಲೆ ನೋಡೋಣ ಅನ್ನಬೇಡಿ. ವೇದಿಕೆಯ ಮೇಲಿನವರಿಗೆ ಊಟ ಹಾಕುವ ಮುಂಚೆ ತಮಟೆಯವರಿಗೆ ಹಾಕಿ, ಅವರು ಬೆಳಗಿನಿಂದ ನಿಂತಿರುತ್ತಾರೆ. ದುಡ್ಡನ್ನು ತಂಡದ ಹಿರಿಯನ ಕೈಗೆ ಎಲ್ಲರ ಎದುರಿಗೆ ಕೊಡಿ, ಮಧ್ಯವರ್ತಿಯ ಜೇಬಿಗಲ್ಲ. ದುಡ್ಡಿನ ಬದಲು ಎಣ್ಣೆ ಕೊಡಿಸುವ ಹಳೇ ಚಾಳಿಯನ್ನಂತೂ ಇವತ್ತೇ ಬಿಡಿ. ಗೌಡ ಸೆರೆ ಕೊಟ್ಟರೆ ಶೋಷಣೆ, ನಾವು ಕ್ವಾರ್ಟರ್ ಕೊಡಿಸಿದರೆ ಪ್ರೀತಿ ಎನ್ನುವುದು ನನಗೆ ಅರ್ಥವಾಗಿಲ್ಲ.

ಏಪ್ರಿಲ್ 14ಕ್ಕೆ ಪೂರ್ವಭಾವಿ ಸಭೆ ಎಲ್ಲ ತಾಲ್ಲೂಕುಗಳಲ್ಲೂ ಸೇರುತ್ತದೆ. ಖರ್ಚಿನ ಪಟ್ಟಿ ಬರೆಯೋಕೆ ಒಬ್ಬ ಪೆನ್ನು ತೆಗೆಯುತ್ತಾನೆ. ಮೊದಲನೇ ಸಾಲಿನಲ್ಲಿ ತಮಟೆ ತಂಡ ಅಂತ ಬರೆಸಿ, ಮುಂದೆ ಮೊತ್ತ ಬರೆಸಿ, ಅಂಕಿಯಲ್ಲೂ ಅಕ್ಷರದಲ್ಲೂ. ಆಮೇಲೆ ಉಳಿದದ್ದರಲ್ಲಿ ಡಿಜೆಯವನ ಹತ್ತಿರ ಚೌಕಾಸಿ ಮಾಡಿ.